ಅಜ್ಜಿಯ ಬುದ್ದಲಿ, ತಮ್ಮನ ಬಾಟ್ಲಿ

ನಮ್ಮ ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ಒಂದು ಹಳೇ ಪ್ಲಾಸ್ಟಿಕ್ ಬಾಟ್ಲಿ ಇದೆ. ಒಂದು ಲೀಟರಿನದ್ದು. ಮೈಮೇಲೆ ಕಪ್ಪು ಮಾರ್ಕರಿನಲ್ಲಿ ಮೂರು ಗೆರೆ ಎಳೆದಿದೆ. ಅದು ನನ್ನ ತಮ್ಮನ ಬಾಟ್ಲಿ. ದಿನಕ್ಕೆ 750 ಎಂಎಲ್ ನೀರು, ಅದಕ್ಕಿಂತ ಒಂದು ಗುಟುಕೂ ಜಾಸ್ತಿ ಬೇಡ ಅಂತ ಡಾಕ್ಟರು ಹೇಳಿದ ದಿನ ನಾನೇ ಕೂತು, ಅಳತೆ ಲೋಟದಲ್ಲಿ ನೀರು ಸುರಿದು ಸುರಿದು, ಆ ಗೆರೆ ಎಳೆದೆ. ಮೊದಲ ಗೆರೆ ಮಧ್ಯಾಹ್ನದವರೆಗೆ, ಎರಡನೇದು ಸಂಜೆವರೆಗೆ, ಕೊನೇದು ರಾತ್ರಿಗೆ. ಮಾತ್ರೆ ನುಂಗೋ ನೀರೂ ಅದರಲ್ಲೇ. ಚಹಾ ಕುಡಿದರೆ ಅಷ್ಟು ನೀರನ್ನು ಬಾಟ್ಲಿಯಿಂದ ತೆಗೆದು ಚೆಲ್ಲಬೇಕು. ಸಾರು, ಮಜ್ಜಿಗೆ, ಕಲ್ಲಂಗಡಿ, ಎಲ್ಲಾನೂ ಲೆಕ್ಕಕ್ಕೆ.

ಹೋದ ತಿಂಗಳು ನಮ್ಮ ಶಾಲೆಯ ಟೀಚರ್ ಒಬ್ಬರು ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ನನ್ನ ಹತ್ತಿರ ಬಂದು ಕೂತರು. ಅವರ ಗಂಡ ತೀರಿಕೊಂಡು ಆಗ ನಾಲ್ಕು ತಿಂಗಳು. "ಮೇಡಂ, ಪ್ರಾರ್ಥನೆಗೆ ಕೂತರೆ ಬಾಯೇ ಬರ್ತಿಲ್ಲ. ದೇವರಿಗೆ ಏನಂತ ಹೇಳಲಿ?" ಅಂದರು. ನಾನು ಅವರಿಗೆ ಹೇಳಿದ್ದನ್ನೂ, ಅವತ್ತು ಧೈರ್ಯ ಸಾಲದೆ ಹೇಳದೆ ಬಿಟ್ಟಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ತಮ್ಮನಿಗೆ ಎರಡೂ ಕಿಡ್ನಿ ಹೋಗಿವೆ ಅಂತ ಗೊತ್ತಾಗಿದ್ದು 2018ರಲ್ಲಿ. ಆಗ ಅವನಿಗೆ 31 ವರ್ಷ. ಮೊದಲು ಕಾಲು ಊದಿತು, ಆಮೇಲೆ ಮುಖ. ಅಷ್ಟು ಹೊತ್ತಿಗೆ ತಡವಾಗಿತ್ತು. ಮಂಗಳವಾರ, ಶುಕ್ರವಾರ ಡಯಾಲಿಸಿಸ್. ಬೆಳಗ್ಗೆ ನಾಲ್ಕೂವರೆಗೆ ಎದ್ದು ಹೊರಟರೆ ಮೊದಲ ಶಿಫ್ಟಿನಲ್ಲಿ ಹಾಸಿಗೆ ಸಿಗುತ್ತಿತ್ತು. ನಾಲ್ಕು ಗಂಟೆ ಮಷೀನಿಗೆ ಕಟ್ಟಿಹಾಕಿದ ಹಾಗೆ. ಒಳಗೆ ಹೋಗುವಾಗ ತೂಕ, ಹೊರಗೆ ಬರುವಾಗ ತೂಕ. ಎರಡು ಎರಡೂವರೆ ಕೆಜಿ ನೀರು ಮೈಯಿಂದ ತೆಗೆದಿರುತ್ತಿದ್ದರು. ಹೊರಗೆ ಬಂದವನ ತುಟಿ ಒಡೆದು ಬಿಳಿಚಿಕೊಂಡಿರುತ್ತಿತ್ತು.

ಅವನ ಎಡಗೈಯಲ್ಲಿ ಫಿಸ್ಟುಲಾ ಇತ್ತು. ಎರಡು ರಕ್ತನಾಳಗಳನ್ನು ಆಪರೇಷನ್ ಮಾಡಿ ಜೋಡಿಸುತ್ತಾರೆ, ಮಷೀನಿನ ಸೂಜಿ ಅಲ್ಲೇ ಚುಚ್ಚೋದು. ಅದರ ಮೇಲೆ ಬೆರಳಿಟ್ಟರೆ ಚರ್ಮದ ಕೆಳಗೆ ಗುಂಯ್ ಅಂತ ನಡುಗೋದು ತಿಳಿಯುತ್ತದೆ, ಮಲಗಿದ ಬೆಕ್ಕಿನ ಹೊಟ್ಟೆ ಮೇಲೆ ಕೈ ಇಟ್ಟ ಹಾಗೆ. ಆ ನಡುಕ ಇದ್ದರೆ ಫಿಸ್ಟುಲಾ ಸರಿ ಇದೆ ಅಂತ ಅರ್ಥ. ದಿನಾ ಬೆಳಗ್ಗೆ ಮುಟ್ಟಿ ನೋಡಬೇಕು ಅಂತ ನರ್ಸಮ್ಮ ಹೇಳಿಕೊಟ್ಟಿದ್ದರು. ನಾನು ಹಲ್ಲುಜ್ಜುವ ಮೊದಲು ಅವನ ಕೈ ಮುಟ್ಟುತ್ತಿದ್ದೆ. ಅವನು ಕಣ್ಣು ಮುಚ್ಚಿಕೊಂಡೇ "ಅಕ್ಕಾ, ನಡದದ ಏನ ಗಾಡಿ?" ಅಂತ ಕೇಳುತ್ತಿದ್ದ. "ನಡದದ, ಮಲಕೊ" ಅನ್ನುತ್ತಿದ್ದೆ.

ಆ ಮೂರು ವರ್ಷ ನಾವು ಮಾಡಿದಷ್ಟು ಪ್ರಾರ್ಥನೆ ಜೀವಮಾನದಲ್ಲಿ ಮಾಡಿರಲಿಲ್ಲ. ನಮ್ಮದು ಹುಬ್ಬಳ್ಳಿಯ ಹಳೇ ಕ್ರೈಸ್ತ ಮನೆತನ. ತಲೆಮಾರಿನಿಂದ ಒಂದೇ ಸಭೆ, ಒಂದೇ ಬೆಂಚು. ಮನೆ ಪ್ರಾರ್ಥನೆ, ಉಪವಾಸ ಪ್ರಾರ್ಥನೆ, ಸರಣಿ ಪ್ರಾರ್ಥನೆ, ಎಲ್ಲಾ ಆಯಿತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಗುಡಿ ಮುಚ್ಚಿತು. ಮೊಬೈಲಿನಲ್ಲೇ ಕೂಡಿ ಪ್ರಾರ್ಥಿಸಿದೆವು. ಡಯಾಲಿಸಿಸ್ ಮಾತ್ರ ನಿಲ್ಲಿಸೋ ಹಾಗಿರಲಿಲ್ಲವಲ್ಲ. ಆಸ್ಪತ್ರೆಯ ಚೀಟಿ ಹಿಡಿದುಕೊಂಡು, ಖಾಲಿ ರಸ್ತೆಯಲ್ಲಿ ಅವನನ್ನು ಸ್ಕೂಟಿ ಹಿಂದೆ ಕೂರಿಸಿಕೊಂಡು ಹೋಗುವಾಗ, ಹೆಲ್ಮೆಟ್ಟಿನೊಳಗೆ ತುಟಿ ಅಲ್ಲಾಡಿಸುತ್ತಲೇ ಇರುತ್ತಿದ್ದೆ. ಕರ್ತನೇ ಗುಣಮಾಡು, ಕರ್ತನೇ ಗುಣಮಾಡು.

ಆದರೆ ಈಗ ಯೋಚಿಸಿದರೆ, ಆ ಪ್ರಾರ್ಥನೆಗಳೆಲ್ಲ ಬಹಳ ಮರ್ಯಾದೆಯ ಪ್ರಾರ್ಥನೆಗಳು. ಮೊದಲು ಸ್ತೋತ್ರ, ಆಮೇಲೆ ಕೃತಜ್ಞತೆ, ಆಮೇಲೆ ಬೇಡಿಕೆ, ಕೊನೆಗೆ "ನಿನ್ನ ಚಿತ್ತದಂತೆ ಆಗಲಿ". ಅವ್ವನಿಗೆ ಸಕ್ಕರೆ ಕಾಯಿಲೆ, ಅವಳ ಕಿಡ್ನಿ ತಗೊಳ್ಳೋಕೆ ಬರೋದಿಲ್ಲ ಅಂದರು. ನನ್ನದು ಕ್ರಾಸ್‌ಮ್ಯಾಚ್‌ನಲ್ಲಿ, ಅಂದರೆ ಇಬ್ಬರ ರಕ್ತ ಹೊಂದುತ್ತಾ ಅಂತ ನೋಡೋ ಪರೀಕ್ಷೆಯಲ್ಲಿ, ಹೊಂದಲಿಲ್ಲ. ಆ ರಿಪೋರ್ಟ್ ಬಂದ ಸಂಜೆ ಕೂಡ ನಾನು ಮಂಡಿಯೂರಿ "ಸ್ತೋತ್ರ ಸ್ವಾಮಿ" ಅಂತಲೇ ಶುರುಮಾಡಿದ್ದೆ. ಒಳಗೆ ಹೊಟ್ಟೆ ಉರಿಯುತ್ತಿತ್ತು. ಬಾಯಲ್ಲಿ ಸ್ತೋತ್ರ. ದೇವರ ಮುಂದೆ ಮಾತಾಡೋದೇ ಹಾಗೆ ಅಂದುಕೊಂಡಿದ್ದೆ.

ಅಷ್ಟರಲ್ಲಿ ಮನೆಗೆ ಪ್ರಾರ್ಥನೆಗೆ ಅಂತ ಬಂದ ಒಬ್ಬರು, ಹೆಸರು ಬೇಡ, ಅವನ ತಲೆ ಮೇಲೆ ಕೈಯಿಟ್ಟು ಅರ್ಧ ಗಂಟೆ ಪ್ರಾರ್ಥಿಸಿ, ಹೊರಡುವಾಗ ಬಾಗಿಲಲ್ಲಿ ನಿಂತು, "ನಿಮ್ಮ ಮನೆಯಲ್ಲಿ ಯಾರಿಗೋ ನಂಬಿಕೆ ಕಡಿಮೆ ಇದೆ, ಅದಕ್ಕೇ ಬಿಡುಗಡೆ ತಡೆದಿದೆ" ಅಂದರು. ತಮ್ಮ ಒಳಗಿನಿಂದ ಕೇಳಿಸಿಕೊಂಡ. ರಾತ್ರಿ ನನ್ನನ್ನು ಕರೆದು, "ಅಕ್ಕಾ, ನಂದ ಏನ ಕಡಿಮಿ?" ಅಂತ ಕೇಳಿದ. ಈ ಒಂದು ಪ್ರಶ್ನೆಗಾಗಿ ನಾನು ಇವತ್ತಿಗೂ ಆ ಮನುಷ್ಯರನ್ನು ಕ್ಷಮಿಸೋಕೆ ಒದ್ದಾಡುತ್ತಿದ್ದೇನೆ. ದುಃಖದಲ್ಲಿರುವವರ ಮನೆಗೆ ಹೋಗುವವರು ದಯವಿಟ್ಟು ಇಂಥ ಮಾತು ಆಡಬೇಡಿ. ಕೈ ಮುಗಿದು ಕೇಳುತ್ತೇನೆ.

2021ರ ಸೆಪ್ಟೆಂಬರ್. ಒಂದು ಮಂಗಳವಾರ ಬೆಳಗ್ಗೆ ನಾಲ್ಕೂವರೆಗೆ ಎಬ್ಬಿಸಲು ಹೋಗಿ ಕೈ ಮುಟ್ಟಿದೆ. ಗುಂಯ್ ಅನ್ನುತ್ತಿರಲಿಲ್ಲ.

ನಿದ್ದೆಯಲ್ಲೇ ಹೃದಯ ನಿಂತಿದೆ ಅಂದರು ಡಾಕ್ಟರು.

ಸಮಾಧಿ ಮಾಡಿ ಬಂದ ಮೇಲೆ ಮನೆ ತುಂಬ ಜನ. ಎಲ್ಲರ ಬಾಯಲ್ಲೂ ಒಂದೇ ಮಾತು, ದೇವರ ಚಿತ್ತ. ದೇವರಿಗೆ ಒಳ್ಳೆಯವರೇ ಬೇಕು. ಪರಲೋಕದಲ್ಲಿ ನೋಡುತ್ತೀರಿ. ನೋಡುತ್ತೇನೆ ಅಂತ ನಾನೂ ನಂಬುತ್ತೇನೆ, ಈಗಲೂ. ಆದರೆ ಅವತ್ತು ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಯಾರೋ ನನ್ನ ಬಾಯಿಗೆ ಬಟ್ಟೆ ತುರುಕಿದ ಹಾಗಾಗುತ್ತಿತ್ತು. ಆಮೇಲೆ ನನ್ನ ಪ್ರಾರ್ಥನೆ ನಿಂತುಹೋಯಿತು. ಭಾನುವಾರ ಹೋಗುತ್ತಿದ್ದೆ, ಎಲ್ಲರ ಜತೆ "ಪರಲೋಕದಲ್ಲಿರುವ ನಮ್ಮ ತಂದೆಯೇ" ಹೇಳುತ್ತಿದ್ದೆ, ಮನೆಗೆ ಬರುತ್ತಿದ್ದೆ. ಏಳು ತಿಂಗಳು ಅಷ್ಟೇ. ಅವ್ವನದೂ ಅದೇ ಕಥೆ. ಅವಳು ಜೋರಾಗಿ ಪ್ರಾರ್ಥನೆ ಮಾಡೋದನ್ನೇ ಬಿಟ್ಟಳು. ಊಟಕ್ಕೆ ಮೊದಲು ತಲೆ ಬಗ್ಗಿಸೋಳು, ಎತ್ತೋಳು.

ಆ ದಿನಗಳಲ್ಲಿ ನನಗೆ ಆಸರೆಯಾದವರು ಪಕ್ಕದ ಮನೆಯ ದೊಡ್ಡವ್ವ. ಅವರು ಲಿಂಗಾಯತರು. ಸಂಜೆ ಬಂದು ಕಟ್ಟೆ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಮಾತಿಲ್ಲ. ನಾನೂ ಒಂದು ಗಡ್ಡೆ ತಗೊಂಡು ಸುಲಿಯುತ್ತಿದ್ದೆ. ಮಕ್ಕಳು, ಆಸ್ತಿ ಎಲ್ಲಾ ಕಳಕೊಂಡ ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಅವನ ಜತೆ ನೆಲದ ಮೇಲೆ ಸುಮ್ನೆ ಕೂತಿದ್ದರು ಅಂತ ಸತ್ಯವೇದದಲ್ಲಿ, ಅಂದರೆ ನಮ್ಮ ಬೈಬಲ್ಲಿನಲ್ಲಿ, ಇದೆ. ಬಾಯಿ ತೆಗೆದ ಮೇಲೇ ಅವರು ಕೆಟ್ಟದ್ದು. ದೊಡ್ಡವ್ವ ಬಾಯಿ ತೆಗೆದದ್ದು ಒಂದೇ ಸಲ.

"ನಿಮ್ಮ ದೇವ್ರ ಮುಂದ ಅಳ್ತೀಯೋ ಇಲ್ಲೋ?"

"ಇಲ್ಲ ದೊಡ್ಡವ್ವಾ."

"ಯಾಕ? ನಾ ಅಂತೂ ಮಠಕ್ಕ ಹೋಗಿ ಅಜ್ಜನ ಮುಂದ ಕೂತು ಬಾಯಿಗೆ ಬಂದಂಗ ಬೈದ ಬರ್ತೇನಿ. ಅಲ್ಲೆ ಬೈಲಿಲ್ಲಂದ್ರ ಮನ್ಯಾಗ ಸೊಸಿಗೆ ಬೈತೇನಿ."

ಅಜ್ಜ ಅಂದರೆ ಸಿದ್ಧಾರೂಢರು, ಹುಬ್ಬಳ್ಳಿಯವರಿಗೆ ಹೇಳಬೇಕಿಲ್ಲ. ನಾನು ಆಗ ಉತ್ತರ ಕೊಡಲಿಲ್ಲ. ಆದರೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ನಮ್ಮ ಕನ್ನಡದಲ್ಲಿ ದಾಸರೂ ಶರಣರೂ ದೇವರ ಜತೆ ಜಗಳ ಆಡಿದವರೇ ಅಲ್ವಾ. ನಿಂದಾಸ್ತುತಿ ಅಂತ ಅದಕ್ಕೊಂದು ಹೆಸರೇ ಇದೆ. ಬೈಯುತ್ತಲೇ ಹೊಗಳೋದು. ಪ್ರೀತಿ ಇದ್ದಲ್ಲಿ ಮಾತ್ರ ಆಗೋ ಕೆಲಸ ಅದು. ಶಾಲೆಯಲ್ಲಿ ಓದಿದ್ದೆ, ನನಗೂ ಅದು ಬೇಕಾಗುತ್ತದೆ ಅಂತ ಗೊತ್ತಿರಲಿಲ್ಲ.

2022ರ ಏಪ್ರಿಲ್ 15, ಶುಭ ಶುಕ್ರವಾರ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಆರಾಧನೆ. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತು, ಒಂದೊಂದಕ್ಕೂ ಒಬ್ಬೊಬ್ಬರು ಪ್ರಸಂಗ ಮಾಡುತ್ತಾರೆ. ಹೊರಗೆ ಸುಡೋ ಬಿಸಿಲು, ಮೇಲೆ ಫ್ಯಾನ್ ಕಿರ್ರೆನ್ನುತ್ತಿತ್ತು. ಎಲ್ಲರೂ ಬಿಳಿ ಬಟ್ಟೆ. ಐದನೇ ಮಾತು ಬಂತು. "ನನಗೆ ನೀರಡಿಕೆಯಾಗಿದೆ."

ನೀರಡಿಕೆ. ನಮ್ಮ ಕಡೆ ಬಾಯಾರಿಕೆಗೆ ನಾವು ಹೇಳೋದೇ ಅದು. ತಮ್ಮ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು ಅದು. ಸೈನಿಕರು ಸ್ಪಂಜನ್ನು ಹುಳಿರಸದಲ್ಲಿ ಅದ್ದಿ ಕೋಲಿಗೆ ಸಿಕ್ಕಿಸಿ ಬಾಯಿಗೆ ಹಿಡಿದರು ಅಂತ ಪ್ರಸಂಗಿಗಳು ಓದುತ್ತಿದ್ದರು. ನಾನು ಎದ್ದೆ. ಬೆಂಚಿನಲ್ಲಿ ಕೂತವರ ಕಾಲು ದಾಟಿ, ಅವ್ವ ಸೆರಗು ಹಿಡಿದರೂ ಬಿಡಿಸಿಕೊಂಡು, ಹೊರಗೆ ಬಂದು ಸ್ಕೂಟಿ ಹತ್ತಿದೆ. ಎಲ್ಲಿಗೆ ಹೋಗಬೇಕು ಗೊತ್ತಿರಲಿಲ್ಲ. ಉಣಕಲ್ ಕೆರೆ ದಂಡೆಗೆ ಹೋಗಿ ನಿಂತೆ.

ಇಲ್ಲಿಯವರೆಗೆ ಬರೆಯೋದು ಸುಲಭ ಇತ್ತು. ಮುಂದಿನದು ಕಷ್ಟ.

ತಮ್ಮ ಹೋದ ಹಿಂದಿನ ರಾತ್ರಿ, ಸೋಮವಾರ, ಹತ್ತು ಗಂಟೆಯ ಸುಮಾರಿಗೆ ಅವನ ಬಾಟ್ಲಿ ಖಾಲಿಯಾಗಿತ್ತು. ಮೂರನೇ ಗೆರೆಯೂ ಮುಗಿದಿತ್ತು. ಬೆಳಗ್ಗೆ ಡಯಾಲಿಸಿಸ್ ಇತ್ತು, ಆವತ್ತಿನ ತೂಕ ಆಗಲೇ ಜಾಸ್ತಿ ಬಂದಿತ್ತು. "ಅಕ್ಕಾ, ಒಂದ ಗುಟುಕ ಕೊಡ. ಒಂದ. ನೀರಡಿಕ್ಯಾಗೇದ" ಅಂದ. ನಾನು "ನಾಳಿ ಬೆಳಿಗ್ಗೆ ತನಕ ತಡಿ, ಗೆರಿ ದಾಟಬ್ಯಾಡ" ಅಂದೆ. ಅವನು ಮತ್ತೆ ಕೇಳಲಿಲ್ಲ. ಗೋಡೆ ಕಡೆ ಹೊರಳಿ ಮಲಗಿದ.

ಕೆರೆಯ ದಂಡೆಯಲ್ಲಿ ನಿಂತು, ಎದುರಿಗೆ ಅಷ್ಟು ನೀರು ನೋಡಿಕೊಂಡು, ನಾನು ಏಳು ತಿಂಗಳಲ್ಲಿ ಮೊದಲ ಸಲ ದೇವರ ಹತ್ತಿರ ಮಾತಾಡಿದೆ. ಸ್ತೋತ್ರ ಇರಲಿಲ್ಲ. "ನಿನಗಾದರೂ ಯಾರೋ ಹುಳಿರಸ ಕೊಟ್ಟರು. ನಾನು ಅವನಿಗೆ ಅದನ್ನೂ ಕೊಡಲಿಲ್ಲ. ನಿನಗೆ ಗೊತ್ತಿತ್ತಲ್ಲ ಬೆಳಗಾಗೋದರೊಳಗೆ ಹೋಗುತ್ತಾನೆ ಅಂತ? ನನಗೊಂದು ಸುಳಿವು ಕೊಡೋಕೆ ಏನಾಗಿತ್ತು ನಿನಗೆ? ಒಂದು ಗುಟುಕು ನೀರು ಕೇಳಿದ. ಮೂರು ವರ್ಷ ಕಿಡ್ನಿ ಕೊಡು ಅಂತ ಕೇಳಿದೆವು, ಕೊಡಲಿಲ್ಲ. ಆ ಒಂದು ಗುಟುಕು ನೀರು ಕೊಡೋ ಬುದ್ಧಿಯಾದರೂ ನನಗೆ ಕೊಡಬಾರದಿತ್ತಾ?" ಇನ್ನೂ ಏನೇನೋ. ದನಿ ಏರಿತ್ತು ಅಂತ ಕಾಣುತ್ತದೆ, ದೂರದಲ್ಲಿ ಕೂತಿದ್ದ ಹುಡುಗರು ತಿರುಗಿ ನೋಡಿದರು. ಅತ್ತೆ. ಸೀರೆ ಸೆರಗು ಪೂರ್ತಿ ಒದ್ದೆಯಾಯಿತು.

ಆಕಾಶ ತೆರೆಯಲಿಲ್ಲ. ಮನಸ್ಸಿಗೆ ದೊಡ್ಡ ಶಾಂತಿ ಬಂತು ಅಂತ ಸುಳ್ಳು ಹೇಳಲಾರೆ. ಮನೆಗೆ ಬಂದು ಮಲಗಿದೆ. ಮರುದಿನ ಹತ್ತು ಗಂಟೆಗೆ ಎಚ್ಚರ ಆಯಿತು. ಅಷ್ಟು ನಿದ್ದೆ ಮಾಡಿ ವರ್ಷಗಳೇ ಆಗಿದ್ದವು.

ಎದ್ದ ಮೇಲೆ ಹೆದರಿಕೆಯಾಯಿತು. ದೇವರಿಗೆ ಹಾಗೆಲ್ಲ ಅಂದೆನಲ್ಲ, ಪಾಪ ಆಯಿತಾ ಅಂತ. ಆಗ ನೆನಪಾದವಳು ಬೆಟಗೇರಿಯ ಅಜ್ಜಿ, ಅವ್ವನ ಅವ್ವ. ನಾವು ಚಿಕ್ಕವರಿದ್ದಾಗ ಬೇಸಿಗೆ ರಜೆಗೆ ಅಲ್ಲಿಗೆ ಹೋಗುತ್ತಿದ್ದೆವು. ಅಜ್ಜಿ ಕತ್ತಲಲ್ಲೇ ಎದ್ದು, ಒಲೆ ಹತ್ತಿಸೋ ಮೊದಲು, ಅಡುಗೆಮನೆ ಮೂಲೆಯಲ್ಲಿ ಸೆರಗು ಹೊದ್ದು ಕೂತು ಪ್ರಾರ್ಥನೆ ಮಾಡುತ್ತಿದ್ದಳು. ಅದು ಪ್ರಾರ್ಥನೆ ಅಂತ ನಮಗೆ ಅನ್ನಿಸುತ್ತಲೇ ಇರಲಿಲ್ಲ, ಯಾರ ಜತೆಗೋ ಜಗಳ ಆಡಿದ ಹಾಗೆ ಇರುತ್ತಿತ್ತು. ಸಾಲದ ಲೆಕ್ಕ, ಅಜ್ಜನ ಕುಡಿತ, ಸತ್ತುಹೋದ ಎರಡು ಕೂಸುಗಳು, ಎಲ್ಲಾ ಬರುತ್ತಿತ್ತು. ಒಮ್ಮೆ ನಾನು "ಅಜ್ಜಿ, ದೇವ್ರಿಗೆ ಹಂಗ ಬೈತಾರೇನ?" ಅಂತ ಕೇಳಿದೆ. "ಒಳಗ ಇದ್ದದ್ದ ಅವಗ ಕಾಣಸ್ತೈತಿ. ಬಾಯಾಗ ಬ್ಯಾರೆ ಹೇಳಿದ್ರ ಸುಳ್ಳ ಆಗ್ತೈತಿ ನೋಡವ್ವಾ. ದೇವ್ರ ಮುಂದ ಸುಳ್ಳ ಹೇಳಬಾರ್ದು" ಅಂದಳು.

ಅಜ್ಜಿಯ ಸತ್ಯವೇದ ನಮ್ಮ ಮನೆಯಲ್ಲೇ ಇತ್ತು. ರಟ್ಟು ಕಿತ್ತುಹೋದದ್ದು. ತೆಗೆದು ಕೀರ್ತನೆಗಳನ್ನು ತೆರೆದೆ. ಪುಟಗಳ ಅಂಚಿನಲ್ಲಿ ಪೆನ್ಸಿಲ್ ಗುರುತು. ನಾವು ಗೋಡೆಗೆ ಹಾಕೋ ಕ್ಯಾಲೆಂಡರಿನಲ್ಲಿ ಬರೋ ವಚನಗಳಿಗೆ ಅವಳು ಗುರುತು ಹಾಕಿರಲಿಲ್ಲ. ಅಳೋ ಕೀರ್ತನೆಗಳಿಗೆಲ್ಲ ಹಾಕಿದ್ದಳು. 13ನೇದು ಆರೇ ವಚನ, ಅದರ ಮೊದಲ ಎರಡು ವಚನಗಳಲ್ಲೇ ದಾವೀದ "ಎಷ್ಟರವರೆಗೆ" ಅಂತ ನಾಲ್ಕು ಸಲ ಕೇಳುತ್ತಾನೆ. ಎಷ್ಟರವರೆಗೆ ಮರೆತಿರುತ್ತೀ, ಎಷ್ಟರವರೆಗೆ ಮುಖ ತಿರುಗಿಸಿರುತ್ತೀ. ನಾನು ಕೆರೆ ದಂಡೆಯಲ್ಲಿ ಕೇಳಿದ್ದು ಇದಕ್ಕಿಂತ ಹೆಚ್ಚೇನೂ ಅಲ್ಲ.

88ನೇ ಕೀರ್ತನೆ ನೋಡಿ ಬೆಚ್ಚಿದೆ. ಬೇರೆ ಗೋಳಿನ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ಬರೋ ಹೊತ್ತಿಗೆ ಹೇಗೋ ತಿರುಗಿಕೊಳ್ಳುತ್ತವೆ, ಆದರೂ ನಿನ್ನನ್ನು ಕೊಂಡಾಡುತ್ತೇನೆ ಅನ್ನುತ್ತವೆ. ಇದು ತಿರುಗೋದೇ ಇಲ್ಲ. ಹದಿನೆಂಟು ವಚನ, ನೀನೇ ನನ್ನನ್ನು ಗುಂಡಿಗೆ ಹಾಕಿದೆ, ನೀನೇ ನನ್ನವರನ್ನು ನನ್ನಿಂದ ದೂರ ಮಾಡಿದೆ, ಸತ್ತವರು ಎದ್ದು ನಿನ್ನನ್ನು ಸ್ತುತಿಸುತ್ತಾರಾ ಅಂತ ಕೇಳಿ ಕೇಳಿ, ಕತ್ತಲೆಯ ಮಾತಿನಲ್ಲೇ ಮುಗಿದುಹೋಗುತ್ತದೆ. ಆಮೆನ್ ಇಲ್ಲ. ಇದನ್ನು ದೇವಾಲಯದಲ್ಲಿ ಹಾಡುತ್ತಿದ್ದ ಜನರ ಹಾಡು ಅಂತ ಮೇಲೆ ಬರೆದಿದೆ, ಕೋರಹೀಯರದು. ಅಂದರೆ ಯಾರೋ ಇದನ್ನು ಕೂಡಿ ಹಾಡಿದರು. ಯಾರೋ ಇದನ್ನು ಕಿತ್ತುಹಾಕದೆ ಸತ್ಯವೇದದಲ್ಲಿ ಉಳಿಸಿದರು. ನನ್ನ ಹಾಗೆ ತಿರುಗೋಕೆ ಆಗದವರಿಗೂ ಜಾಗ ಇದೆ ಅಂತ ಆ ಪುಟ ನೋಡಿದಾಗ ಅನ್ನಿಸಿತು. ಅದು ಶುರುವಾಗೋದು ಮಾತ್ರ "ನನ್ನನ್ನು ರಕ್ಷಿಸುವ ದೇವರೇ" ಅನ್ನೋ ಅರ್ಥದ ಕರೆಯಿಂದ. ಕತ್ತಲೆಯ ಬಗ್ಗೆ ಹೇಳಿದ್ದನ್ನೆಲ್ಲ ಅವನಿಗೇ ಹೇಳಿದ್ದಾನೆ, ಬೆನ್ನು ತಿರುಗಿಸಿ ಹೋಗಿಲ್ಲ.

56ನೇ ಕೀರ್ತನೆಯ ಎಂಟನೇ ವಚನಕ್ಕೆ ಅಜ್ಜಿ ಎರಡು ಗೆರೆ ಎಳೆದಿದ್ದಳು. ನನ್ನ ಕಣ್ಣೀರು ನಿನ್ನ ಬುದ್ದಲಿಯಲ್ಲಿ ತುಂಬಿದೆ ಅನ್ನೋ ಮಾತು ಅಲ್ಲಿದೆ. ಬುದ್ದಲಿ ಅಂದರೇನು ಅಂತ ಚಿಕ್ಕಂದಿನಲ್ಲಿ ನಾನೂ ತಮ್ಮನೂ ಅಜ್ಜಿಯನ್ನು ಕೇಳಿದ್ದೆವು. "ತೊಗಲಿನ ಚೀಲ. ಮೊದಲ ಎಣ್ಣಿ, ತುಪ್ಪ ತುಂಬತಿದ್ರು. ಒಂದ ಹನಿ ಸೋರತಿರಲಿಲ್ಲ" ಅಂದಿದ್ದಳು. ತಮ್ಮ ಆಗ ನಾಲ್ಕನೇ ಇಯತ್ತೆ. "ಅಷ್ಟ ಕಣ್ಣೀರ ಎಲ್ಲಿಂದ ಬರ್ತಾವ?" ಅಂತ ಕೇಳಿ ನಕ್ಕಿದ್ದ.

ಆವತ್ತು ಆ ಪುಟ ತೊಡೆ ಮೇಲೆ ಇಟ್ಟುಕೊಂಡು ಶೆಲ್ಫಿನ ಮೇಲಿನ ಬಾಟ್ಲಿ ನೋಡುತ್ತಾ ಕೂತೆ. ನಾನು ಹನಿ ಹನಿ ಲೆಕ್ಕ ಇಟ್ಟವಳು. ಅವನು ಎಷ್ಟು ಕುಡಿದ ಅಂತ ನನಗೆ ಗೊತ್ತಿತ್ತು, ಎಷ್ಟು ಅತ್ತ ಅಂತ ಗೊತ್ತಿರಲಿಲ್ಲ. ಅದರ ಲೆಕ್ಕ ಇಟ್ಟವನು ಒಬ್ಬ ಇದ್ದಾನೆ ಅಂದರೆ, ಆ ರಾತ್ರಿ ಗೋಡೆ ಕಡೆ ಹೊರಳಿದವನ ಕಣ್ಣಿನದೂ ಅದರಲ್ಲಿ ಸೇರಿರಬೇಕು. ನನಗೆ ಅದು ಸಮಾಧಾನವೋ ಸಂಕಟವೋ ಇವತ್ತಿಗೂ ಬೇರೆ ಮಾಡಿ ಹೇಳೋಕೆ ಆಗೋದಿಲ್ಲ.

ಆಮೇಲೆ ನಾನು ಅಜ್ಜಿಯ ಪೆನ್ಸಿಲ್ ಹಿಡಿದುಕೊಂಡೇ ಓದಿದೆ. ಯೆರೆಮೀಯ ಪ್ರವಾದಿ ನೀನು ನನ್ನನ್ನು ಮರುಳುಗೊಳಿಸಿದೆ ಅಂತ ದೇವರಿಗೇ ಹೇಳುತ್ತಾನೆ, ಹುಟ್ಟಿದ ದಿನಕ್ಕೇ ಶಾಪ ಹಾಕುತ್ತಾನೆ. ಯೋಬನ ಕಥೆಯ ಕೊನೆಯಲ್ಲಿ ದೇವರು ಸಿಟ್ಟಾಗೋದು ದೇವರ ಪರ ವಕಾಲತ್ತು ಮಾಡಿದ ಗೆಳೆಯರ ಮೇಲೆ. ನನ್ನ ಬಗ್ಗೆ ಸರಿಯಾಗಿ ಮಾತಾಡಿದವನು ಯೋಬ ಅನ್ನುತ್ತಾನೆ, ಅಷ್ಟೆಲ್ಲ ಕೂಗಾಡಿದ ಯೋಬ! ನಮ್ಮ ಬಾಗಿಲಲ್ಲಿ ನಿಂತು ನಂಬಿಕೆ ಕಡಿಮೆ ಅಂದವರಿಗೆ ಈ ಅಧ್ಯಾಯ ಓದಿಸಬೇಕು ಅಂತ ಎಷ್ಟೋ ಸಲ ಅನ್ನಿಸಿದೆ.

ನನ್ನನ್ನು ಹಿಡಿದು ಕೂರಿಸಿದ್ದು ಸತ್ಯವೇದದ ಪ್ರಲಾಪಗಳು ಅನ್ನೋ ಪುಸ್ತಕ. ಯೆರೂಸಲೇಮ್ ಸುಟ್ಟು ಹಾಳಾದ ಮೇಲೆ ಬರೆದ ಐದು ಹಾಡು. ಅದರ ಮೊದಲ ನಾಲ್ಕು ಹಾಡುಗಳು ಮೂಲ ಇಬ್ರಿಯ ಭಾಷೆಯಲ್ಲಿ ಅಕ್ಷರಮಾಲೆಯ ಕ್ರಮದಲ್ಲಿವೆ. ಅವರ ಭಾಷೆಗೆ 22 ಅಕ್ಷರ, ಹಾಗಾಗಿ 22 ವಚನ. ಮೂರನೇ ಅಧ್ಯಾಯದಲ್ಲಿ ಒಂದೊಂದು ಅಕ್ಷರಕ್ಕೆ ಮೂರು ಮೂರು, ಒಟ್ಟು 66. ನಾನು ಒಂದನೇ ತರಗತಿ ಟೀಚರ್. ಇಪ್ಪತ್ತು ವರ್ಷದಿಂದ ಅ ಅರಸ, ಆ ಆನೆ, ಇ ಇಲಿ ಹೇಳಿಕೊಡುತ್ತಿದ್ದೇನೆ. ಊರಿಗೆ ಊರೇ ಸತ್ತ ಮೇಲೆ ಒಬ್ಬ ಮನುಷ್ಯ ಕೂತು, ಎಲ್ಲಿಂದ ಶುರುಮಾಡಬೇಕು ಗೊತ್ತಾಗದೆ, ಮಕ್ಕಳ ಹಾಗೆ ಮೊದಲ ಅಕ್ಷರದಿಂದ ಶುರುಮಾಡಿದ್ದಾನಲ್ಲ ಅಂತ ಅನ್ನಿಸಿ ಗಂಟಲು ಕಟ್ಟಿತು. ಒಂದು ಗೆರೆ ನೋಟುಬುಕ್ಕು ತಗೊಂಡು ನಾನೂ ಬರೆದೆ.

ಅಕ್ಕಾ ಅಂತ ಕರೆಯೋ ದನಿ ಮನೆಯಲ್ಲಿ ಇಲ್ಲ, ಕರ್ತನೇ.
ಆ ರಾತ್ರಿ ಅವನು ಕೇಳಿದ್ದು ಒಂದು ಗುಟುಕು.
ಇಲ್ಲ ಅಂದೆ.
ಈಗ ಕೊಡ ತುಂಬ ನೀರಿದೆ, ಕುಡಿಯೋರಿಲ್ಲ.
ಉತ್ತರ ಹೇಳಬೇಡ. ಬಂದು ಕೂಡು.
ಊಟಕ್ಕೆ ಕೂತರೆ ಅವ್ವ ಮೂರು ತಟ್ಟೆ ಇಡುತ್ತಾಳೆ.

ಋ ಅಕ್ಷರಕ್ಕೆ ಬಂದು ಎರಡು ದಿನ ನಿಂತೆ. ತರಗತಿಯಲ್ಲಿ ಋಷಿ ಅಂತ ಹೇಳಿ ಮುಂದೆ ಹೋಗುತ್ತೇವೆ. ಮೂರನೇ ದಿನ ಬರೆದೆ: ಋಣ ತೀರಲಿಲ್ಲ, ತೀರೋದೂ ಇಲ್ಲ, ನೀನೇ ನೋಡಿಕೋ. ಅದನ್ನು ಬರೆದ ಮೇಲೆ ಪೆನ್ನು ಕೆಳಗಿಟ್ಟು ನಿಜವಾಗಿ ಮಂಡಿಯೂರಿದೆ. ಳ ವರೆಗೆ ಮುಗಿಸೋಕೆ ನನಗೆ ಹತ್ತಿರ ಹತ್ತಿರ ಎರಡು ತಿಂಗಳು ಬೇಕಾಯಿತು. ಸಹೋದ್ಯೋಗಿಗೆ ನಾನು ಕೊಟ್ಟ ಒಂದೇ ಸಲಹೆ ಇದು. ಬಾಯಿ ಬರದಿದ್ದರೆ ಅ ದಿಂದ ಬರೆಯಿರಿ. ಒಂದು ದಿನಕ್ಕೆ ಒಂದು ಅಕ್ಷರ. ಚೆಂದ ಬರೀಬೇಕಿಲ್ಲ, ಯಾರಿಗೂ ತೋರಿಸಬೇಕಿಲ್ಲ. ದೇವರೇ ಅಂತ ಕರೆದು ಬರೆದರೆ ಸಾಕು, ಅದು ಪ್ರಾರ್ಥನೆಯೇ.

ಇನ್ನೊಂದು ಮಾತು, ಅವರಿಗೂ ಹೇಳಿದೆ. ನನಗೆ ಪ್ರಾರ್ಥನೆ ಮತ್ತೆ ಬಂದ ಮೇಲೂ ಎದೆ ಡವಗುಟ್ಟೋದು, ರಾತ್ರಿ ಬೆವತು ಏಳೋದು ಹೋಗಲಿಲ್ಲ. ಡಾಕ್ಟರ ಹತ್ತಿರ ಹೋದೆ, ಎಂಟು ತಿಂಗಳು ಮಾತ್ರೆ ತಗೊಂಡೆ, ಕೌನ್ಸೆಲಿಂಗ್‌ಗೆ ಕೂತೆ. ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನೋ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ, ಎಲ್ಲಿಂದ ಬೇಕಾದರೂ ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಕಿಡ್ನಿಗೆ ಡಯಾಲಿಸಿಸ್ ಮಾಡಿಸಿದ ನಾವು ಮನಸ್ಸಿಗೆ ಮಾತ್ರ ಪ್ರಾರ್ಥನೆ ಸಾಕು ಅಂತ ಹಠ ಹಿಡಿಯೋದು ಯಾಕೆ?

ಸಭೆಯ ಮೇಲೆ ನನಗೆ ಒಂದು ದೂರು ಉಳಿದಿದೆ. ಸಾಕ್ಷಿ ಹೇಳೋಕೆ ಎದ್ದು ನಿಲ್ಲೋರೆಲ್ಲ ಗುಣವಾದವರೇ, ಕೆಲಸ ಸಿಕ್ಕವರೇ, ವೀಸಾ ಬಂದವರೇ. ಸಂತೋಷ, ನಾನೂ ಚಪ್ಪಾಳೆ ತಟ್ಟುತ್ತೇನೆ. ಆದರೆ 150 ಕೀರ್ತನೆಗಳಲ್ಲಿ ಅಷ್ಟೊಂದು ಗೋಳು ಇರುವಾಗ ನಮ್ಮ ಭಾನುವಾರಗಳಲ್ಲಿ ಅದಕ್ಕೆ ಐದು ನಿಮಿಷವೂ ಇಲ್ಲವಲ್ಲ. ಸತ್ಯವೇದದಲ್ಲಿ ಸತ್ತುಹೋದ ಲಾಜರನ ಅಕ್ಕತಂಗಿಯರನ್ನು ನೋಡಿ. ಮಾರ್ಥ ಒಮ್ಮೆ, ಮರಿಯ ಒಮ್ಮೆ, ಇಬ್ಬರೂ ಬೇರೆ ಬೇರೆ ಬಂದು ಯೇಸುವಿನ ಮುಖಕ್ಕೇ ಅದೇ ಮಾತು ಹೇಳುತ್ತಾರೆ. ನೀನು ಇಲ್ಲಿ ಇದ್ದಿದ್ದರೆ ಅವನು ಸಾಯುತ್ತಿರಲಿಲ್ಲ ಅಂತ. ಅವನು ಗದರಿಸೋದಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ಎಬ್ಬಿಸೋನು ತಾನೇ ಅಂತ ಗೊತ್ತಿದ್ದೂ, ಅವರ ಜತೆ ನಿಂತು ಅಳುತ್ತಾನೆ. ನಾನು ಕಳೆದ ವರ್ಷ ನಮ್ಮ ಸಭೆಯ ಪಾದ್ರಿ ಅಯ್ಯನವರನ್ನು ಕೇಳಿದೆ, ನವೆಂಬರಿನಲ್ಲಿ ತೀರಿಹೋದವರನ್ನು ನೆನೆಯುವಾಗ 88ನೇ ಕೀರ್ತನೆ ಓದಿಸಬಹುದಾ ಅಂತ. ಸ್ವಲ್ಪ ಹೊತ್ತು ಯೋಚಿಸಿ, "ನೀವೇ ಓದಿ" ಅಂದರು. ಓದಿದೆ. ಮುಗಿದ ಮೇಲೆ ಯಾರೂ ಏನೂ ಅನ್ನಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಗಂಡಸರು ಬಿಕ್ಕುತ್ತಿದ್ದರು.

ಅವ್ವ ಅವತ್ತು ನನ್ನ ಪಕ್ಕದಲ್ಲೇ ಇದ್ದಳು. ಅವಳ ಮುಖದಲ್ಲಿ ಏನೂ ಕಾಣಲಿಲ್ಲ.

ಆ ರಾತ್ರಿ ನಾಲ್ಕು ಗಂಟೆ ಆಗಿರಬೇಕು, ಎಚ್ಚರ ಆಯಿತು. ಅಡುಗೆಮನೆಯಲ್ಲಿ ಮಾತು ಕೇಳಿಸುತ್ತಿತ್ತು. ಲೈಟ್ ಹಾಕಿರಲಿಲ್ಲ. ಬಾಗಿಲ ಹತ್ತಿರ ಹೋದೆ. ಅವ್ವ ಸಿಂಕಿನ ಕೆಳಗಿನ ಮೂಲೆಯಲ್ಲಿ ಸೆರಗು ಹೊದ್ದು ಕೂತಿದ್ದಳು, ಥೇಟ್ ಅಜ್ಜಿಯ ಹಾಗೆ. ಬಾಟ್ಲಿ ಅವಳ ಮಡಿಲಲ್ಲಿತ್ತು.

"ನಾ ಎಚ್ಚರ ಇದ್ನೆಲ್ಲ ಅವತ್ತ" ಅನ್ನುತ್ತಿದ್ದಳು. "ಅಂವ ಕೇಳಿದ್ದ ನನಗೂ ಕೇಳಿಸ್ತು. ಅಕಿ ಇಲ್ಲ ಅಂದದ್ದೂ ಕೇಳಿಸ್ತು. ನಾ ಯಾಕ ಏಳಲಿಲ್ಲ? ಹಡದಾಕಿ ನಾ. ನನ್ನ ಯಾಕ ಎಬ್ಬಸಲಿಲ್ಲೋ ನೀ? ಹೇಳೋ, ಯಾಕ ಎಬ್ಬಸಲಿಲ್ಲ?"

ನಾನು ಒಳಗೆ ಹೋಗಿ ಅವಳ ಪಕ್ಕ ನೆಲದ ಮೇಲೆ ಕೂತೆ. ಅವ್ವ ನನ್ನ ಕಡೆ ತಿರುಗಲಿಲ್ಲ. ಮಾತು ನಿಲ್ಲಿಸಲೂ ಇಲ್ಲ.